ನೆಹರು ನಗರಕ್ಕೆ ಹೊಸದಾಗಿ ಬಂದ ಸೂಕ್ಷ್ಮಾಣುಗಳಿಗೆ ಕೈಪಿಡಿ

ಬಳಸುವ ಮುನ್ನ

ದಯವಿಟ್ಟು ಕೈ ತೊಳೆಯದೆ ಓದಿ. ಈ ಕೈಪಿಡಿಯ ಓದುಗರು ಕೈಯ ಮೇಲೇ ಇದ್ದಾರೆ.

ಮನುಷ್ಯರಿಗಾಗಿ ಬರೆದ ಆರೋಗ್ಯ ಸೂಚನೆಗಳ ಗತಿ ಎಲ್ಲರಿಗೂ ಗೊತ್ತು. ಗೋಡೆಬರಹದ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರ್ ಬಿತ್ತು. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟ ತೆಳು ಕಾಗದವನ್ನು ಯಾರೂ ಬಿಚ್ಚದೆ ಬಿಸಾಕಿದರು. ಹಾಗಾಗಿ ಈ ಸಲ ಓದುಗರನ್ನೇ ಬದಲಿಸಿದ್ದೇನೆ. ನೀವು ಒಳ್ಳೆಯ ಓದುಗರು. ಕಲಿತದ್ದನ್ನು ಮೈಯೊಳಗೇ ಬರೆದಿಟ್ಟುಕೊಳ್ಳುತ್ತೀರಿ, ಮಕ್ಕಳಿಗೆ ತಪ್ಪದೆ ದಾಟಿಸುತ್ತೀರಿ, ನಿಮ್ಮಲ್ಲಿ ಕೆಲವರಂತೂ ಗುರುತು ಪರಿಚಯ ಇಲ್ಲದವರಿಗೂ ಒಂದು ಪ್ರತಿ ಕೊಟ್ಟು ಮುಂದೆ ಹೋಗುತ್ತೀರಿ. ಕನ್ನಡದಲ್ಲಿ ಬರೆಯುವವನಿಗೆ ಇಂಥ ಪ್ರಸಾರಸಂಖ್ಯೆ ಕನಸಿನಲ್ಲೂ ಸಿಗುವಂಥದ್ದಲ್ಲ.

ನೀವು ಬಂದಿಳಿದಿರುವುದು ಬೆಳಗಾವಿಯ ನೆಹರು ನಗರದಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ. ನಿಮ್ಮ ಪಾಲಿಗೆ ಇದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಇದರಷ್ಟು ಕೆಟ್ಟದ್ದೂ ಇಲ್ಲ. 1963ರಲ್ಲಿ ಶುರುವಾದ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಇಲ್ಲಿದೆ, ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇಲ್ಲಿದೆ, ಪಾರಂಪರಿಕ ವೈದ್ಯವನ್ನು ಅಭ್ಯಾಸ ಮಾಡುವ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆಯೂ ಇಲ್ಲೇ ಇದೆ. ಸುತ್ತಲಿನ ಜಿಲ್ಲೆಗಳಿಂದ, ಗಡಿಯಾಚೆಯ ಮಹಾರಾಷ್ಟ್ರ, ಗೋವಾದಿಂದ ಕೆಮ್ಮುವವರು ತಾವಾಗಿಯೇ ಬಸ್ಸು ಹತ್ತಿ ಬರುತ್ತಾರೆ, ನೀವು ಹುಡುಕಿಕೊಂಡು ಹೋಗುವ ತ್ರಾಸಿಲ್ಲ. ಒಂದೊಂದು ಪಿಜಿ ಕೋಣೆಯಲ್ಲಿ ಮೂರು ಹುಡುಗರಿಗೆ ಒಂದು ಕಿಟಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಮುಚ್ಚಿರುತ್ತದೆ. ಆದರೆ ನಿಮ್ಮ ಹೆಸರು, ಕುಲ, ಬಣ್ಣ, ನಿಮ್ಮನ್ನು ಯಾವ ಗುಳಿಗಿ ಕೊಲ್ಲುತ್ತದೆ ಎಂಬುದು ಗೊತ್ತಿರುವ ಮಂದಿಯೂ ಇದೇ ಓಣಿಗಳಲ್ಲಿ ಚಹಾ ಕುಡಿಯುತ್ತಿರುತ್ತಾರೆ.

ಮೊದಲು ನೀವು ಯಾರೆಂದು ನೋಡಿಕೊಳ್ಳಿ

ಮೂರು ಪ್ರಶ್ನೆ. ಊಟ ಮಾಡುತ್ತೀರಾ? ಯಾರ ಸಹಾಯವೂ ಇಲ್ಲದೆ ಒಬ್ಬರಿದ್ದವರು ಇಬ್ಬರಾಗಬಲ್ಲಿರಾ? ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ನಿಮ್ಮಲ್ಲಿ ಸ್ವಂತಕ್ಕೆ ಇವೆಯೇ? ಮೂರಕ್ಕೂ ಹೌದಾದರೆ ನೀವು ಬ್ಯಾಕ್ಟೀರಿಯ. ಮೂರಕ್ಕೂ ಇಲ್ಲವಾದರೆ ವೈರಸ್. ಪ್ರಶ್ನೆಯೇ ಕೇಳಿಸಲಿಲ್ಲವೆಂದರೂ ವೈರಸ್ಸೇ, ಯಾಕೆಂದರೆ ಕೋಶದ ಹೊರಗೆ ಬಿದ್ದಿರುವಾಗ ನಿಮಗೆ ಏನೂ ಆಗುವುದಿಲ್ಲ, ನೀವೂ ಏನೂ ಮಾಡುವುದಿಲ್ಲ. ಮೂರಕ್ಕೂ ಹೌದು, ಜೊತೆಗೆ ನಡುವೆ ಪೊರೆ ಸುತ್ತಿದ ನ್ಯೂಕ್ಲಿಯಸ್ ಇದೆ ಎನ್ನುವವರು ಯೀಸ್ಟೋ ಅಮೀಬಾವೋ ಆಗಿರುತ್ತೀರಿ. ಬೇರೆ ಕೈಪಿಡಿ ನೋಡಿಕೊಳ್ಳಿ.

ಅಳತೆಯಿಂದಲೂ ಗುರುತು ಹಿಡಿಯಬಹುದು. ಸ್ಕೇಲಿನ ಒಂದು ಮಿಲಿಮೀಟರ್ ಗೆರೆಯುದ್ದಕ್ಕೆ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಗಳು ತಲೆಗೆ ಕಾಲು ಹಚ್ಚಿ ಮಲಗಿದರೆ ಸುಮಾರು 500 ಹಿಡಿಯುತ್ತವೆ. ನೆಗಡಿಯ ರೈನೋವೈರಸ್‌ಗಳಾದರೆ 33,000ದಷ್ಟು. ಮೊದಲಿನವರನ್ನು ಎರಡನೇ ವರ್ಷದ ವಿದ್ಯಾರ್ಥಿಯೂ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ, ಗಾಜಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಕಾಣಬಲ್ಲ. ಎರಡನೆಯವರಿಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬೇಕು.

ಈ ವ್ಯತ್ಯಾಸ ನಿಮಗೆ ಕ್ಷುಲ್ಲಕ ಎನ್ನಿಸಬಹುದು. ಊರಿನವರಿಗೂ ಹಾಗೇ ಅನ್ನಿಸಿದೆ. ಅವರು ನಿಮ್ಮಿಬ್ಬರನ್ನೂ ಸೇರಿಸಿ 'ಇನ್‌ಫೆಕ್ಷನ್' ಎನ್ನುತ್ತಾರೆ. ನೆಹರು ನಗರದಲ್ಲಿ ನಿಮ್ಮ ಬದುಕು ನಡೆಯುವುದೇ ಈ ಒಂದು ಉದಾಸೀನದ ಮೇಲೆ. ಹೇಗೆಂದು ಮುಂದೆ ಹೇಳುತ್ತೇನೆ.

ಬ್ಯಾಕ್ಟೀರಿಯ ಬಂಧುಗಳಿಗೆ

ನೀವು ಸ್ವಾವಲಂಬಿಗಳು. ಒಂದೇ ಕೋಶ, ಅದರೊಳಗೆ ಉಂಗುರದ ಹಾಗೆ ಸುತ್ತಿದ ಒಂದು ಡಿಎನ್‌ಎ, ಸಾವಿರಾರು ರೈಬೋಸೋಮ್, ಹೊರಗೆ ಗಟ್ಟಿ ಕೋಶಭಿತ್ತಿ. ಇ. ಕೋಲಿಯ ಪ್ರಯೋಗಾಲಯದ ತಳಿಯಲ್ಲಿ ಡಿಎನ್‌ಎ ಅಕ್ಷರಗಳು ಸುಮಾರು 46 ಲಕ್ಷ, ಜೀನ್‌ಗಳು 4,300ರ ಆಸುಪಾಸು. ಇಷ್ಟರಲ್ಲಿ ಸಂಸಾರ ನಡೆಸುತ್ತೀರಿ.

ಹೊಟ್ಟೆತುಂಬ ಆಹಾರ, ಮೈಶಾಖದಷ್ಟು ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗಿ. ಸಂಜೆ ಆರಕ್ಕೆ ಒಬ್ಬರೇ ಇದ್ದವರು ರಾತ್ರಿ ಒಂದರ ಹೊತ್ತಿಗೆ 20 ಲಕ್ಷ ದಾಟಬೇಕು, ಲೆಕ್ಕ ಹಾಕಿ ನೋಡಿ. ಡಿಎನ್‌ಎಯನ್ನು ಪೂರ್ತಿ ನಕಲು ಮಾಡಲು 40 ನಿಮಿಷ ಬೇಕಲ್ಲ, 20ಕ್ಕೆ ಹೇಗೆ ಸಾಧ್ಯ ಎಂದು ಕೆಲವರು ಕೇಳುತ್ತಾರೆ. ಮೊದಲ ನಕಲು ಮುಗಿಯುವ ಮೊದಲೇ ಮುಂದಿನದ್ದಕ್ಕೆ ಕೈ ಹಚ್ಚಬೇಕು. ನೀವು ಹುಟ್ಟುವಾಗಲೇ ನಿಮ್ಮ ಮೊಮ್ಮಕ್ಕಳ ಡಿಎನ್‌ಎ ಅರ್ಧ ಬರೆದಾಗಿರುತ್ತದೆ.

ಆದರೆ ಬೆಳಗಾವಿಯ ಹವಾಮಾನ ನಿಮಗೆ ಕೆಲಕಾಲ ಕೈಕೊಡುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಇಲ್ಲಿಯ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಮರುದಿನ ಮಧ್ಯಾಹ್ನವಾದರೂ ಮೊಸರಾಗುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಮತ್ತು ಅವನ ಬಳಗದವರು ಚಳಿಗೆ ಮುದುಡಿರುತ್ತಾರೆ. ಗೃಹಿಣಿಯರು ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಾರೆ, ಇಲ್ಲವೇ ದಪ್ಪ ಟವೆಲ್ಲು ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹುದುಗಿಸುತ್ತಾರೆ. ಶಾಖ ಸಿಕ್ಕೊಡನೆ ನೀವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತೀರಿ, ಹಾಲಿನ ಪ್ರೋಟೀನ್ ಕಲೆತು ಗಡ್ಡೆಕಟ್ಟುತ್ತದೆ. ಬೇರೆ ಬಹಳಷ್ಟು ಮಂದಿ ಆ ಹುಳಿಯಲ್ಲಿ ಬಾಳಲಾರರು. ಬೇಸಿಗೆಯಲ್ಲಾದರೆ ಖಾನಾಪುರದ ಮಣ್ಣಿನ ಗಡಿಗೆ ಸಿಕ್ಕರೆ ಬಿಡಬೇಡಿ. ಅಲ್ಲಿಯ ಕೆಂಪು ಜೇಡಿ ಎಷ್ಟು ಹೆಸರಾದದ್ದೆಂದರೆ ಖಾದಿ ಆಯೋಗ ತನ್ನ ಕುಂಬಾರಿಕೆ ತರಬೇತಿ ಸಂಸ್ಥೆಯನ್ನು ಆ ಊರಲ್ಲೇ ಇಟ್ಟಿದೆ. ಗಡಿಗೆಯ ಮೈ ನೀರನ್ನು ಹೊರಗೆ ಬಿಡುತ್ತ ತಣ್ಣಗಿರುತ್ತದೆ, ಮೊಸರು ಗಟ್ಟಿಯಾಗುತ್ತದೆ, ಅತಿ ಹುಳಿಯಾಗುವುದಿಲ್ಲ.

ಕುಂದಾದ ತಂಟೆಗೆ ಹೋಗಬೇಡಿ. ಹಾಲನ್ನು ಗಂಟೆಗಟ್ಟಲೆ ಕುದಿಸುವಾಗ ನಿಮ್ಮವರು ಸತ್ತಿರುತ್ತಾರೆ. ಆಮೇಲೆ ಬಂದು ಕೂತವರ ಮೈಯೊಳಗಿನ ನೀರನ್ನು ಅದರ ಸಕ್ಕರೆ ಹೊರಗೆಳೆದುಬಿಡುತ್ತದೆ. ಬೆಳಗಾವಿಯ ಕುಂದಾ ಡಬ್ಬಿ ಬೆಂಗಳೂರಿನ ರೈಲಿನಲ್ಲಿ ಒಂದು ರಾತ್ರಿ ಕಳೆದೂ ಕೆಡದಿರುವುದು ಇದೇ ಕಾರಣಕ್ಕೆ.

ಮನೆ ಹುಡುಕುವುದು ಸುಲಭ. ಒಬ್ಬ ಸಾಧಾರಣ ಮನುಷ್ಯನ ಮೈಯಲ್ಲಿ ನಿಮ್ಮವರು ಸುಮಾರು 38 ಲಕ್ಷ ಕೋಟಿ ಇದ್ದಾರೆ ಎಂಬುದು 2016ರಲ್ಲಿ ಪರಿಷ್ಕರಿಸಿದ ಅಂದಾಜು. ಅವನ ಸ್ವಂತ ಕೋಶಗಳು 30 ಲಕ್ಷ ಕೋಟಿ. ಎಲ್ಲರನ್ನೂ ತೂಗಿದರೆ ನೀವು ಇನ್ನೂರು ಗ್ರಾಂ. ಬಹುತೇಕ ಮಂದಿ ದೊಡ್ಡ ಕರುಳಿನಲ್ಲಿ ನಾರು ಕೊಳೆಸಿಕೊಂಡು, ಒಂದಿಷ್ಟು ವಿಟಮಿನ್ ಕೆ ಮಾಡಿಕೊಟ್ಟು, ಯಾರ ಉಸಾಬರಿಗೂ ಹೋಗದೆ ಇರುತ್ತಾರೆ. ಪತ್ರಿಕೆಯಲ್ಲಿ ಹೆಸರು ಬರುವುದು ಕೆಟ್ಟವರದ್ದು ಮಾತ್ರ.

ಒಳ್ಳೆಯವರಿಗೂ ಕೆಟ್ಟವರಿಗೂ ನಡುವಿನ ಗೆರೆ ಗಟ್ಟಿಯಲ್ಲ ಎಂಬುದಕ್ಕೆ ಊರಿನ ಪಕ್ಕದಲ್ಲೇ ಉದಾಹರಣೆ ಇದೆ. 2025ರ ನವೆಂಬರ್‌ನಲ್ಲಿ ಹೆದ್ದಾರಿಯಾಚೆ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಪ್ರಾಣಿಸಂಗ್ರಹಾಲಯದಲ್ಲಿ ಕೆಲವೇ ದಿನಗಳಲ್ಲಿ ಮೂವತ್ತರ ಆಸುಪಾಸು ಕೃಷ್ಣಮೃಗಗಳು ಸತ್ತವು. ಗಳಲೆ ರೋಗ. ಮಾಡಿದವನು ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯ. ಇವನು ಎಷ್ಟೋ ದನ ಎಮ್ಮೆಗಳ ಗಂಟಲಿನಲ್ಲಿ ಸದ್ದಿಲ್ಲದೆ ಇರುವ ಆಸಾಮಿ. ಹವೆ ಬದಲಾಗಿಯೋ ದಣಿವಿನಿಂದಲೋ ಪ್ರಾಣಿಯ ಕಸುವು ಕುಗ್ಗಿದಾಗ ರಕ್ತಕ್ಕೆ ಇಳಿಯುತ್ತಾನೆ. ಇದನ್ನು ಅನುಕರಿಸಬೇಡಿ ಎಂದು ಹೇಳುವುದು ಕೈಪಿಡಿ ಬರೆಯುವವನ ಧರ್ಮ, ಹೇಳಿದ್ದೇನೆ.

ಕಷ್ಟಕಾಲಕ್ಕೆ ಎರಡು ಉಪಾಯ. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಕುಲದವರು ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು, ನೀರು ಕುದಿಸಿದರೂ ಜಗ್ಗಬೇಡಿ. ಕ್ಷಯದವರಿಗೆ ಆ ಸೌಲಭ್ಯವಿಲ್ಲ. ಆದರೆ ಮೇಣದಂಥ ಭಿತ್ತಿ ಇದೆ, ತಾಳ್ಮೆ ಇದೆ. 20 ನಿಮಿಷದ ಬದಲು 15-20 ಗಂಟೆಗೊಮ್ಮೆ ಎರಡಾಗಿ. ಆರು ತಿಂಗಳ ಗುಳಿಗಿಯನ್ನು ರೋಗಿ ಎರಡು ತಿಂಗಳಿಗೆ ಬೇಸತ್ತು ಬಿಡುವವರೆಗೆ ಕಾಯುವುದೇ ನಿಮ್ಮ ಕೆಲಸ.

ವೈರಸ್‌ಗಳಿಗೆ

ನಿಮಗೆ ಹೇಳುವುದು ಕಷ್ಟ, ಕೇಳಿಸಿಕೊಳ್ಳಲು ಕಿವಿಯೂ ಇಲ್ಲ, ಜೀವವೂ ಪೂರ್ತಿ ಇಲ್ಲ. ನೀವು ಕುಂದಾ ಮಾಡುವ ವಿಧಾನ ಬರೆದ ಚೀಟಿ. ಒಲೆ ಇಲ್ಲ, ಹಾಲಿಲ್ಲ, ಕಡಾಯಿ ಇಲ್ಲ, ಚೀಟಿ ಮಾತ್ರ. ಅದು ಯಾವುದಾದರೂ ಅಡಿಗೆಮನೆಯೊಳಗೆ ಬಿದ್ದರೆ ಅಲ್ಲಿಯ ಅಡಿಗೆಯವರು ತಮ್ಮ ಅನ್ನ-ಸಾರು ಬಿಟ್ಟು ಹಗಲೂ ರಾತ್ರಿ ಚೀಟಿಯನ್ನೇ ನಕಲು ಮಾಡುತ್ತ ಕೂರುತ್ತಾರೆ, ಕೊನೆಗೆ ಮನೆ ಒಡೆದು ಚೀಟಿಗಳು ಬೀದಿಗೆ ಬೀಳುತ್ತವೆ.

ನಿಮ್ಮ ಜಾತಕ ಬರೆದದ್ದು ತಂಬಾಕಿನ ಎಲೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯವರಿಗೆ ಈ ಬೆಳೆಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಎಲೆಯ ಮೇಲೆ ತಿಳಿ-ದಟ್ಟ ಹಸಿರಿನ ಮಚ್ಚೆ ಬೀಳುವ ರೋಗದ ರಸವನ್ನು 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ಬ್ಯಾಕ್ಟೀರಿಯ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹರಡಿತು. 1898ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್, ಇದು ಬ್ಯಾಕ್ಟೀರಿಯವೇ ಅಲ್ಲ, ಬದುಕಿರುವ ಗಿಡದೊಳಗೆ ಮಾತ್ರ ಹೆಚ್ಚುವ ಬೇರೇನೋ ಎಂದರು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನು ಉಪ್ಪಿನಂತೆ ಹರಳುಗಟ್ಟಿಸಿ ತೋರಿಸಿದರು, ಹರಳನ್ನು ನೀರಿಗೆ ಹಾಕಿ ಎಲೆಗೆ ಉಜ್ಜಿದರೆ ಮತ್ತೆ ರೋಗ! ನೊಬೆಲ್ ಸಿಕ್ಕಿತು. ನಿಮಗಲ್ಲ, ಅವರಿಗೆ.

ಕೆಲಸದ ಕ್ರಮ ಹೀಗಿದೆ. ಕೋಶದ ಹೊರಮೈಯಲ್ಲಿ ನಿಮಗೆ ಒಗ್ಗುವ ಪ್ರೋಟೀನೋ ಸಕ್ಕರೆಯ ಕುಡಿಯೋ ಸಿಗುವವರೆಗೆ ಅಲೆಯಿರಿ. ಕೊರೊನಾದವರು ಎಸಿಇ2 ಎಂಬುದನ್ನು ಹುಡುಕುತ್ತಾರೆ, ಇನ್‌ಫ್ಲುಯೆಂಜಾದವರು ಸಿಯಾಲಿಕ್ ಆಮ್ಲವನ್ನು. ಹತ್ತಿ ಕುಳಿತು ಒಳಗೆ ಜಾರಿ. ಹೊದಿಕೆ ಬಿಚ್ಚಿ. ಡಿಎನ್‌ಎ ಅಥವಾ ಆರ್‌ಎನ್‌ಎಯನ್ನು ಬಿಟ್ಟುಬಿಡಿ. ಮುಂದಿನದ್ದು ಅವರ ರೈಬೋಸೋಮ್‌ಗಳು ನೋಡಿಕೊಳ್ಳುತ್ತವೆ. ಇದರ ನಡುವೆ ನೀವು ಉಸಿರಾಡುವುದಿಲ್ಲ, ತಿನ್ನುವುದಿಲ್ಲ, ಒಂದು ಕಣ ಶಕ್ತಿಯನ್ನೂ ಸ್ವಂತಕ್ಕೆ ಉತ್ಪಾದಿಸುವುದಿಲ್ಲ. ಇಷ್ಟು ಕಡಿಮೆ ಬಂಡವಾಳದ ವ್ಯವಹಾರ ಖಡೇಬಜಾರಿನಲ್ಲೂ ಕಂಡಿಲ್ಲ.

ನೆಗಡಿಯವರು ಮೂಗು ಬಿಟ್ಟು ಕೆಳಗಿಳಿಯಬೇಡಿ. ನಿಮಗೆ ಒಗ್ಗುವುದು 33ರಿಂದ 35 ಡಿಗ್ರಿ, ಪುಪ್ಪುಸದ 37 ಡಿಗ್ರಿಯಲ್ಲ. ಸ್ವೆಟರ್ ಹಾಕಿದರೂ ಮೂಗು ತಣ್ಣಗೇ ಇರುವ ಈ ಊರು ನಿಮಗೆ ಹೇಳಿ ಮಾಡಿಸಿದ್ದು.

ಕೊಬ್ಬಿನ ಹೊದಿಕೆ ಇರುವವರು, ಎಂದರೆ ಕೊರೊನಾ, ಫ್ಲೂ ಮುಂತಾದವರು, ಸಾಬೂನಿನಿಂದ ದೂರ ಇರಿ. ಸಾಬೂನಿನ ಅಣುವಿನ ಒಂದು ತುದಿ ಕೊಬ್ಬನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಇವೆರಡರ ಎಳೆದಾಟದಲ್ಲಿ ನಿಮ್ಮ ಹೊದಿಕೆ ಹರಿದುಹೋಗುತ್ತದೆ. ಹೊದಿಕೆ ಇಲ್ಲದ ರೋಟಾ, ನೊರೊ ವೈರಸ್‌ಗಳಿಗೆ ಈ ಭಯ ಕಡಿಮೆ, ನೊರೊ ಅಂತೂ ಸ್ಯಾನಿಟೈಸರ್‌ನ ಆಲ್ಕೋಹಾಲಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರ ಕೈಗೆ ಸಿಕ್ಕರೆ ಮೋರಿಯೇ ಗತಿ.

ಬಹುಕಾಲದ ವಾಸ್ತವ್ಯಕ್ಕೆ ಸಿಡುಬಿನ ತಂಗಿ ಎಂದು ಜನ ತಪ್ಪಾಗಿ ತಿಳಿದ ಚಿಕನ್‌ಪಾಕ್ಸ್ ವೈರಸ್ಸನ್ನು ನೋಡಿ ಕಲಿಯಿರಿ. (ಇವಳಿಗೂ ಸಿಡುಬಿಗೂ ನೆಂಟಸ್ತನವಿಲ್ಲ, ಇವಳು ಹರ್ಪಿಸ್ ಮನೆತನದವಳು.) ಬಾಲ್ಯದಲ್ಲಿ ಮೈತುಂಬ ಗುಳ್ಳೆ ಎಬ್ಬಿಸಿ, ಆಮೇಲೆ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಐವತ್ತು ವರ್ಷ ಸುಮ್ಮನಿರುತ್ತಾಳೆ. ನಿವೃತ್ತಿಯಾದ ಮೇಷ್ಟರಿಗೆ ಒಂದು ದಿನ ಪಕ್ಕೆಯ ಒಂದೇ ಬದಿಗೆ ಉರಿಯೆದ್ದು ಸರ್ಪಸುತ್ತು ಕಾಣಿಸಿಕೊಳ್ಳುತ್ತದೆ. ಒಂದೇ ಬದಿಗೆ ಯಾಕೆಂದರೆ ಅವಳು ಇಳಿಯುವುದು ತಾನು ಅಡಗಿದ್ದ ಆ ಒಂದು ನರದ ಗುಂಟ. ಅದರ ಮೇಲೆ ಕೆಮ್ಮಣ್ಣಿನಿಂದ ಹಾವಿನ ಚಿತ್ರ ಬರೆದವರಿಗೆ ಗುಣಪಡಿಸಿದ ಕೀರ್ತಿ, ಮೂರು ವಾರಕ್ಕೆ ತಾನಾಗಿ ಮಾಯುವ ಗುಳ್ಳೆಯಿಂದ ಬಂದದ್ದು.

ಇನ್ನೂ ಹೆಚ್ಚಿನ ಮಹತ್ವಾಕಾಂಕ್ಷೆ ಇದ್ದವರು ವಂಶದೊಳಗೇ ಸೇರಿಕೊಳ್ಳಬಹುದು. ಮನುಷ್ಯರ ಡಿಎನ್‌ಎಯ ಸುಮಾರು ಶೇ 8ರಷ್ಟು ಹಳೆಯ ರೆಟ್ರೋವೈರಸ್‌ಗಳು ಬಿಟ್ಟುಹೋದದ್ದು. ತಾಯಿಗೂ ಕೂಸಿಗೂ ನಡುವಿನ ಮಾಸುವಿನ (ಪ್ಲಾಸೆಂಟಾ) ಹೊರಪದರದ ಕೋಶಗಳನ್ನು ಒಂದಕ್ಕೊಂದು ಬೆಸೆಯಲು ಬೇಕಾದ ಸಿನ್ಸಿಟಿನ್ ಪ್ರೋಟೀನ್ ಅಂಥದ್ದೊಂದು ವೈರಸ್ಸಿನದ್ದೇ. ನೆಹರು ನಗರದ ಹೆರಿಗೆ ವಾರ್ಡಿನಲ್ಲಿ ಹುಟ್ಟುವ ಪ್ರತಿ ಕೂಸಿಗೂ ನಿಮ್ಮ ಹಿರಿಯರ ಋಣ ಇದೆ.

ಔಷಧಿ ಅಂಗಡಿಯ ಮುಂದೆ

ಈಗ ಆ ಉದಾಸೀನದ ವಿಚಾರ. ಮಳೆಗಾಲದ ಯಾವುದಾದರೂ ಸಂಜೆ ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಕೂತು ಕಿವಿಗೊಡಿ.

"ಅಣ್ಣಾರ, ಮೂಗು ಸೋರಾಕತ್ತೈತ್ರಿ, ಗಂಟಲಾನೂ ನೋಯಾಕತ್ತೈತಿ. ಒಂದ್ ಆ್ಯಂಟಿಬಯೋಟಿಕ್ ಕೊಡ್ರಿ."

"ಎಷ್ಟ್ ದಿನದ್ದು ಕೊಡ್ಲಿ?"

"ಮೂರು ಸಾಕ್ರಿ. ಕಮ್ಮಿ ಆದ್ರ ಎರಡಕ್ಕ ಬಿಡ್ತೀನಿ."

ನೆಗಡಿ ವೈರಸ್ಸಿನದ್ದು. ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯ ಕಟ್ಟಿಕೊಳ್ಳುವ ಕೋಶಭಿತ್ತಿಯನ್ನು, ವೈರಸ್ಸಿಗೆ ಭಿತ್ತಿಯೇ ಇಲ್ಲ. ಅಜಿಥ್ರೊಮೈಸಿನ್ ಹಿಡಿದು ನಿಲ್ಲಿಸುವುದು ಬ್ಯಾಕ್ಟೀರಿಯದ ರೈಬೋಸೋಮ್‌ಗಳನ್ನು, ವೈರಸ್ಸಿಗೆ ರೈಬೋಸೋಮ್ ಇಲ್ಲ, ಅದು ಬಳಸುವುದು ಮನುಷ್ಯನದ್ದನ್ನು, ಅದರ ಕಟ್ಟಣೆ ಬೇರೆ. ಗುಳಿಗಿ ನುಂಗಿದವನ ಮೂಗಿನಲ್ಲಿ ವೈರಸ್ ಆರಾಮಾಗಿ ತನ್ನ ವಾರ ಮುಗಿಸಿಕೊಂಡು ಹೋಗುತ್ತದೆ. ಹೊಡೆತ ಬೀಳುವುದು ಕರುಳಿನಲ್ಲಿ ತನ್ನ ಪಾಡಿಗೆ ನಾರು ಕೊಳೆಸುತ್ತಿದ್ದ ನಿರಪರಾಧಿಗಳಿಗೆ. ಅವರಲ್ಲಿ ಮೆತ್ತಗಿನವರು ಸಾಯುತ್ತಾರೆ, ಗುಳಿಗಿಗೆ ಬಗ್ಗದ ಒಬ್ಬಿಬ್ಬರು ಉಳಿಯುತ್ತಾರೆ, ಖಾಲಿಯಾದ ಜಾಗವೆಲ್ಲ ಅವರದ್ದೇ. ಎರಡನೇ ದಿನಕ್ಕೆ ಔಷಧ ನಿಂತರೆ ಅರೆಗಟ್ಟಿಗರೂ ಬದುಕಿಕೊಳ್ಳುತ್ತಾರೆ.

ಬ್ಯಾಕ್ಟೀರಿಯ ಬಂಧುಗಳೇ, ಹೀಗೆ ಉಳಿದವರು ನಿಮ್ಮ ವಿದ್ಯೆಯನ್ನು ದಯವಿಟ್ಟು ಗಂಟುಕಟ್ಟಿ ಇಟ್ಟುಕೊಳ್ಳಬೇಡಿ. ನಿಮ್ಮ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರಗಳು ಇರುತ್ತವಲ್ಲ, ಔಷಧ ಸಹಿಸುವ ಜೀನ್‌ಗಳು ಬಹಳ ಸಲ ಅವುಗಳಲ್ಲೇ ಇರುತ್ತವೆ. ಪಕ್ಕದವನ ಮೈಗೆ ಒಂದು ಸಣ್ಣ ನಳಿಕೆ ಚಾಚಿ ಅದರ ಪ್ರತಿಯೊಂದನ್ನು ದಾಟಿಸಿ. ಅವನು ನಿಮ್ಮ ಜಾತಿಯವನೇ ಆಗಬೇಕೆಂದಿಲ್ಲ. ಜಾತಿ ನೋಡದೆ ವಿದ್ಯೆ ಹಂಚುವ ಈ ಪದ್ಧತಿಯಲ್ಲಿ ಮನುಷ್ಯರು ನಿಮ್ಮಿಂದ ಕಲಿಯುವುದು ಬಹಳ ಇದೆ.

ಆ್ಯಂಟಿಬಯೋಟಿಕ್ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, ವೈದ್ಯರ ಚೀಟಿಯಿಲ್ಲದೆ ಕೊಡಕೂಡದು ಎಂದು. ಆ ಗೆರೆಯನ್ನು ನೀವು ದಾಟುವ ಅಗತ್ಯವಿಲ್ಲ, ನಿಮಗಾಗಿ ದಾಟುವವರು ಇದ್ದಾರೆ.

ಇದೇ ಅಜಿಥ್ರೊಮೈಸಿನ್ ಸರಿಯಾದ ಕೈಯಲ್ಲಿ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಹೆರಿಗೆಯ ಹೊತ್ತಿಗೆ ಗರ್ಭಕೋಶದ ದಾರಿಯಿಂದ ಒಳಹೊಕ್ಕು ಬಾಣಂತಿಯ ರಕ್ತ ಸೇರುವುದು ನಿಮ್ಮಲ್ಲಿ ಕೆಲವರ ಬಹು ಹಳೆಯ ಕಸುಬು. ಹೆರಿಗೆ ನೋವು ಶುರುವಾದ ತಾಯಿಗೆ 2 ಗ್ರಾಂ ಅಜಿಥ್ರೊಮೈಸಿನ್ ಅನ್ನು ಒಂದೇ ಸಲ ಬಾಯಿಯಿಂದ ಕೊಟ್ಟರೆ ಹೇಗೆ ಎಂದು ಏಳು ದೇಶಗಳಲ್ಲಿ 29,278 ಗರ್ಭಿಣಿಯರ ಮೇಲೆ ಅಧ್ಯಯನ ನಡೆಯಿತು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ನಾಗಪುರ, ಇನ್ನೊಂದು ಬೆಳಗಾವಿ, ಇದೇ ನೆಹರು ನಗರದ ಮೆಡಿಕಲ್ ಕಾಲೇಜಿನ ಸಂಶೋಧಕರದ್ದು. ಯಾವ ತಾಯಿಗೆ ನಿಜವಾದ ಔಷಧ, ಯಾರಿಗೆ ಹುಸಿ ಗುಳಿಗಿ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ. ಫಲಿತಾಂಶ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ತಾಯಂದಿರಲ್ಲಿ ರಕ್ತದ ನಂಜು ಅಥವಾ ಸಾವು ಶೇ 2.4 ಇದ್ದದ್ದು ಶೇ 1.6ಕ್ಕೆ ಇಳಿಯಿತು, ಮೂರನೇ ಒಂದು ಪಾಲು ಕಡಿಮೆ. ಕೂಸುಗಳ ಮಟ್ಟಿಗೆ ಲಾಭ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದರು. ಒಂದು ಗುಳಿಗಿ ಯಾರಿಗೆ, ಯಾವಾಗ, ಎಷ್ಟು ಎಂದು ತಿಳಿಯಲು ಇಷ್ಟು ತಾಯಂದಿರು, ಇಷ್ಟು ದೇಶ, ಇಷ್ಟು ವರ್ಷ. ಅದೇ ಗುಳಿಗಿ ಸಂಜೆ ಅಂಗಡಿಯಲ್ಲಿ ಸೋರುವ ಮೂಗಿಗೆ ಮೂರರ ಲೆಕ್ಕದಲ್ಲಿ ಹೋಗುತ್ತದೆ. ನಿಮ್ಮ ಭವಿಷ್ಯದ ಬಗ್ಗೆ ನನಗೆ ಚಿಂತೆಯಿಲ್ಲ.

ಪರಸ್ಪರ ನಡವಳಿಕೆ

ಬ್ಯಾಕ್ಟೀರಿಯಗಳೂ ವೈರಸ್‌ಗಳೂ ಒಂದೇ ಪಕ್ಷ ಎಂದು ಮನುಷ್ಯರು ತಿಳಿದಿದ್ದಾರೆ. ನಿಮ್ಮನಿಮ್ಮಲ್ಲೇ ನಡೆಯುವ ಕೊಲೆಗಳ ಲೆಕ್ಕ ಅವರಿಗೆ ಗೊತ್ತಿಲ್ಲ. ಬ್ಯಾಕ್ಟೀರಿಯಗಳನ್ನು ಮಾತ್ರ ಬೇಟೆಯಾಡುವ ವೈರಸ್‌ಗಳಿವೆ, ಫೇಜ್ ಎಂದು ಹೆಸರು, 1917ರಲ್ಲಿ ಆ ಹೆಸರಿಟ್ಟವರು ಡೆರೆಲ್. ಆಸ್ಪತ್ರೆಯ ಮೋರಿಯ ಒಂದು ಹನಿಯಲ್ಲಿ ಬೇಕಾದಷ್ಟು ಫೇಜ್‌ಗಳಿವೆ. ಬ್ಯಾಕ್ಟೀರಿಯದ ಮೇಲೆ ಕಾಲೂರಿ ಕೂತು ತಮ್ಮ ಡಿಎನ್‌ಎಯನ್ನು ಒಳಗೆ ಚುಚ್ಚುತ್ತವೆ, ಅರ್ಧ ಗಂಟೆಯಲ್ಲಿ ಹೊಟ್ಟೆಯೊಡೆದು ನೂರಾರು ಫೇಜ್ ಹೊರಗೆ.

ಕೊಲ್ಲದೆ ಒಳಗೇ ಸೇರಿಕೊಂಡ ಫೇಜ್‌ಗಳು ಇನ್ನೂ ಅಪಾಯಕಾರಿ, ನಿಮಗಲ್ಲ, ಊರಿಗೆ. ಕಾಲರಾ ಬ್ಯಾಕ್ಟೀರಿಯ ಮನುಷ್ಯನ ಕರುಳಿನಿಂದ ನೀರು ಸುರಿಸುವುದು ಒಂದು ವಿಷದಿಂದ ಎಂದು 1959ರಲ್ಲಿ ಕಲ್ಕತ್ತಾದ ಶಂಭುನಾಥ ಡೇ ತೋರಿಸಿದರು. ಆ ವಿಷದ ಜೀನ್ ಬ್ಯಾಕ್ಟೀರಿಯದ್ದಲ್ಲ, ಒಂದು ಫೇಜ್ ತಂದಿಟ್ಟದ್ದು ಎಂದು 1996ರಲ್ಲಿ ಗೊತ್ತಾಯಿತು. ಗಂಟಲುಮಾರಿಯ ವಿಷವೂ ಹೀಗೇ ಬಂದದ್ದು. ವೈರಸ್ ಕೊಟ್ಟ ಕತ್ತಿಯನ್ನು ಬ್ಯಾಕ್ಟೀರಿಯ ಬೀಸುತ್ತದೆ.

ವಿಶ್ವಾಸದ್ರೋಹಕ್ಕೂ ಒಂದು ಉದಾಹರಣೆ. 2020ರಲ್ಲಿ ನೆಹರು ನಗರದ ಐಸಿಎಂಆರ್ ಸಂಸ್ಥೆಯಲ್ಲಿ ಕೊರೊನಾ ಪರೀಕ್ಷೆ ಶುರುವಾಯಿತು. ಮೂಗಿನ ದ್ರವದಲ್ಲಿರುವ ವೈರಸ್ಸಿನ ಅಕ್ಷರಗಳನ್ನು ಮತ್ತೆಮತ್ತೆ ಬಿಸಿ ಮಾಡಿ ತಣಿಸಿ ಇಮ್ಮಡಿಗೊಳಿಸುತ್ತ ಹೋಗುವ ಪರೀಕ್ಷೆ ಅದು. 90 ಡಿಗ್ರಿ ದಾಟಿದ ಬಿಸಿಯಲ್ಲೂ ಕೆಡದೆ ನಕಲು ಮಾಡುವ ಕಿಣ್ವ ಬೇಕಲ್ಲ, ಈ ಬಗೆಯ ಪರೀಕ್ಷೆಗಳಿಗೆ ಅದು ಮೊದಲು ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯದಿಂದ. ವೈರಸ್ಸನ್ನು ಹಿಡಿದುಕೊಟ್ಟವನು ನಿಮ್ಮವನೇ.

ಹೋಗಬಾರದ ಜಾಗ

ತಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ. ಮರದ ನೆರಳಿದೆ, ಬೆಳಿಗ್ಗೆ ವಾಕಿಂಗ್ ಬರುವವರಿದ್ದಾರೆ, ನೋಡಲು ನಿರುಪದ್ರವಿ. ಹಿಂದೆ ಬಾಂಬೆ ಪ್ರಾಂತಕ್ಕೆ ಸಿಡುಬಿನ ಲಸಿಕೆ ಮಾಡುತ್ತಿದ್ದ ಸಂಸ್ಥೆ ಅಲ್ಲಿತ್ತು. ಆಗಿನ ಕಾಲದ ಪದ್ಧತಿಯಲ್ಲಿ ಕರುವಿನ ಚರ್ಮ ಗೀರಿ, ಸಿಡುಬಿನ ಸಾಧು ನೆಂಟನಾದ ವ್ಯಾಕ್ಸೀನಿಯಾ ವೈರಸ್ಸನ್ನು ಬೆಳೆಸಿ, ಕೆರೆದು ತೆಗೆದು ಗ್ಲಿಸರಿನ್‌ನಲ್ಲಿ ಬೆರೆಸುತ್ತಿದ್ದರು. ಆ ನೆಂಟನ ಮುಖ ಒಮ್ಮೆ ನೋಡಿದ ಬಿಳಿ ರಕ್ತಕಣಗಳು ಸಿಡುಬಿನ ಮುಖವನ್ನೂ ಮರೆಯುತ್ತಿರಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ, ಲೋಕದಿಂದಲೇ ತೊಲಗಿತೆಂದು ಸಾರಿದ್ದು 1980ರಲ್ಲಿ. ಮನುಷ್ಯನ ಹೊರತು ಬೇರೆ ಮನೆ ಇಟ್ಟುಕೊಳ್ಳದಿದ್ದುದೇ ಸಿಡುಬಿಗೆ ಮುಳುವಾಯಿತು.

ಆದ್ದರಿಂದ ಖಾನಾಪುರದ ಕಡೆಯ ಪ್ರಾಣಿಗಳಲ್ಲೂ ಒಂದು ಮನೆ ಇರಲಿ. ಇಲಿಜ್ವರದ ಲೆಪ್ಟೋಸ್ಪೈರಾಗಳು ಇಲಿಯ ಮೂತ್ರಪಿಂಡದಲ್ಲಿ ಬಿಡಾರ ಹೂಡಿ, ಮಳೆಗಾಲದ ಗದ್ದೆಯ ನೀರಿಗೆ ಇಳಿದು, ನಾಟಿ ಮಾಡುವವರ ಒಡೆದ ಅಂಗಾಲಿಗೆ ಕಾಯಲಿ, ಸ್ಕ್ರೂವಿನಂಥ ಮೈ ಕೊಟ್ಟಿರುವುದು ಅದಕ್ಕೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿಬಿದ್ದ ಮಂಗನ ಕಾಯಿಲೆಯ ವೈರಸ್ ಉಣ್ಣೆಗಳನ್ನು ಹತ್ತಿ ಉತ್ತರಕ್ಕೆ ಸರಿಯುತ್ತ, 2015ರ ಹೊತ್ತಿಗೆ ಕಣಕುಂಬಿಯಿಂದ ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದ ಸತ್ತರಿಯಲ್ಲಿ ಕಾಣಿಸಿಕೊಂಡಿತು. ಆ ವೈರಸ್ಸಿಗೆ ಮನುಷ್ಯನಿಂದ ಮನುಷ್ಯನಿಗೆ ದಾರಿಯಿಲ್ಲ. ಗೋಡಂಬಿ ಆರಿಸಲು ಹೋದವನ ಕಾಲಿಗೆ ಉಣ್ಣೆ ಕಚ್ಚಿ ಹತ್ತಿದರೆ ಅದು ಪ್ರಯಾಣದ ಕೊನೆಯ ನಿಲ್ದಾಣ. ಭೀಮಗಡದ ಬಾರಾಪೇಡೆ ಗುಹೆಯ ಬಾವಲಿಗಳನ್ನು ಮಾತ್ರ ಇದಕ್ಕೆಲ್ಲ ಎಳೆಯಬೇಡಿ. 1913ರಲ್ಲಿ ಲೋಕಕ್ಕೆ ಪರಿಚಯವಾದ ರಾಟನ್ ಬಾವಲಿ ಕೀಟ ತಿಂದು ಬದುಕುವ ಅಪರೂಪದ ಜೀವಿ, ನಿಪಾ ವೈರಸ್ಸಿನ ಹಣ್ಣುಬಾವಲಿಗಳ ಕುಲವೇ ಬೇರೆ. ಟಿವಿಯವರಿಗೆ ಇದನ್ನು ಹೇಳಿ ಸಾಕಾಗಿದೆ.

ತಪ್ಪೋಲೆ

ಈ ಕೈಪಿಡಿಯನ್ನು ನಕಲು ಮಾಡಿಕೊಳ್ಳುವಾಗ ಬ್ಯಾಕ್ಟೀರಿಯಗಳು ಅಕ್ಷರಕ್ಕಕ್ಷರ ತಿದ್ದಿ ನೋಡಬೇಕು. ನಿಮ್ಮಲ್ಲಿ ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪೂ ಆಗುವುದಿಲ್ಲ ಎಂಬ ಖ್ಯಾತಿ ಇದೆ. ಆರ್‌ಎನ್‌ಎ ವೈರಸ್‌ಗಳು ಕರಡು ತಿದ್ದುವ ಗೋಜಿಗೆ ಹೋಗಬೇಡಿ (ಕೊರೊನಾ ಬಳಗಕ್ಕೆ ಮಾತ್ರ ತಿದ್ದುವ ಕಿಣ್ವ ಇದೆ, ಅವರದ್ದು ಮೂವತ್ತು ಸಾವಿರ ಅಕ್ಷರದ ದೊಡ್ಡ ಗ್ರಂಥ). ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೊಂದು ತಪ್ಪು ನುಸುಳಲಿ. ಬಹುಪಾಲು ನಕಲುಗಳು ಓದಲು ಬಾರದೆ ಕೆಡುತ್ತವೆ. ಎಲ್ಲೋ ಒಂದರ ಮುಖ ತುಸು ಬದಲಾಗಿ, ಹೋದ ವರ್ಷದ ಲಸಿಕೆಗೆ ಗುರುತು ಸಿಗದಂತಾಗುತ್ತದೆ. ಫ್ಲೂದವರು ಪ್ರತಿವರ್ಷ ಹೊಸ ಲಸಿಕೆ ಮಾಡಿಸುತ್ತಿರುವುದು ಇಷ್ಟರಿಂದಲೇ.

ಪುಟ 3ರಲ್ಲಿ 'ಮೂಗು' ಎಂದಿರುವುದನ್ನು 'ಮೂಗು, ಬೇಕಾದರೆ ಗಂಟಲು' ಎಂದು ಓದಿಕೊಳ್ಳಿ. ಪುಟ 5ರಲ್ಲಿ 'ಎರಡು ದಿನಕ್ಕೆ ಗುಳಿಗಿ ಬಿಡುವವರು' ಎಂಬಲ್ಲಿ ಅಚ್ಚಿನ ತಪ್ಪೇನೂ ಇಲ್ಲ.